ಚಿವುಟಿದ ತುದಿ

ಹೀರೆಯ ನಾರನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡುತ್ತಿದ್ದಂತೆ ಸುವರ್ಣಾಳ ಮೂಗಿಗೆ ಆ ವಾಸನೆ ಬಡಿಯಿತು. ಒಣಹುಲ್ಲು ನೆನೆದಂಥ, ಒಲೆಯ ಹೊಗೆ ಒಳಗೇ ಉಳಿದುಕೊಂಡಂಥ ವಾಸನೆ. ಚಿಕ್ಕವಳಿದ್ದಾಗ ತವರಿನ ಬಚ್ಚಲಲ್ಲಿ ಅವ್ವ ಅವಳನ್ನು ಕಲ್ಲಿನ ಮೇಲೆ ಕೂಡಿಸಿ ಇಂಥದೇ ನಾರಿನಿಂದ ಬೆನ್ನು ತಿಕ್ಕುತ್ತಿದ್ದಳು. ಮೈ ಒರೆಸಿಕೊಂಡ ಮೇಲೂ ಅದು ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಪಕ್ಕ ಕುಳಿತ ಹುಡುಗಿ, 'ಹೀರಿಕಾಯಿ ಬಂತು, ಸರೀರಿ' ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಈಗ ಹಿತ್ತಲ ಹಲಗೆಯ ಮೇಲೆ ಅತ್ತೆ ಶೆಟ್ಟೆವ್ವ ಮಲಗಿದ್ದಳು. ಓಣಿಯ ಹೆಂಗಸರು ಸುತ್ತ ಸೀರೆ ಹಿಡಿದು ಮರೆ ಮಾಡಿದ್ದರು. ಬೆಳಕು ಹರಿಯುವ ಹೊತ್ತಿಗೆ ಅವಳ ಉಸಿರು ನಿಂತಿತ್ತು.

"ಇತ್ತ ಕೊಡು ಅದನ್ನ," ಎಂದು ಬಾಳವ್ವ ಕೈಚಾಚಿದಳು.

ಬಾಳವ್ವ ಶೆಟ್ಟೆವ್ವನ ನಾದಿನಿ. ಸುದ್ದಿ ತಿಳಿದ ಕೂಡಲೇ ಕುಲಗೋಡದಿಂದ ಮಗನ ಗಾಡಿಯ ಮೇಲೆ ಕುಳಿತು ಬಂದಿದ್ದಳು. ಕೂದಲಿಗೆ ಎಣ್ಣೆಯನ್ನೂ ಹಚ್ಚಿಕೊಂಡಿರಲಿಲ್ಲ.

"ನಾ ತಿಕ್ಕತೇನ್ರಿ ಸಣ್ಣತ್ತಿ."

"ಬ್ಯಾಡ. ನೀ ನೀರ ಹಾಕು, ಸಾಕು. ನಾರು ವೈನಿ ಬಳ್ಳಿದು. ಅದನ್ನರೆ ನೀ ಮುಟ್ಟಬ್ಯಾಡ."

ಸೀರೆ ಹಿಡಿದ ಹೆಂಗಸರು ಬೇರೆ ಬೇರೆ ಕಡೆ ನೋಡಿದರು. ಸುವರ್ಣಾ ನಾರನ್ನು ಕೊಟ್ಟು ತಂಬಿಗೆ ಎತ್ತಿಕೊಂಡಳು. ಬಾಳವ್ವ ಹಂಡೆಯೊಳಗೆ ಮೊಣಕೈ ಇಳಿಸಿ ನೋಡಿ, ಚಟಕ್ಕನೆ ಮೇಲೆತ್ತಿದಳು.

"ಬಾಳ ಬಿಸಿ ಐತಿ. ಸುಡತೈತಿ ಆಕಿಗೆ. ತಣ್ಣೀರ ಬೆರಸು."

ಸತ್ತವರಿಗೆ ಸುಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಸುವರ್ಣಾ ತಣ್ಣೀರು ಬೆರೆಸಿದಳು. ತಾನೂ ಮೊಣಕೈ ಇಳಿಸಿ ಹದ ನೋಡಿದಳು. ಬಾಳವ್ವ ಅತ್ತಿಗೆಯ ಒಡೆದ ಹಿಮ್ಮಡಿಗಳನ್ನು ಕೂಸಿನದೆಂಬಂತೆ ಮೆಲ್ಲಗೆ ತಿಕ್ಕತೊಡಗಿದಳು.

ಮುಂಬಾಗಿಲ ಕಡೆ ಗಂಡಸರು ಬಿದಿರು ಕಟ್ಟುತ್ತಿದ್ದರು. ನೆರೆಮನೆಯ ಮಾಲಿಂಗನ ದನಿ ಹಿತ್ತಲವರೆಗೂ ಕೇಳುತ್ತಿತ್ತು.

"ಗೋಕಾಕ ಸಂತ್ಯಾಗ ತುದಿ ಮುಕ್ಕಾದ ಹೀರಿಕಾಯಿ ಕಂಡ್ರ ಸಾಕು, ಇದು ಕೊಣ್ಣೂರ ಶೆಟ್ಟೆವ್ವಂದು ಅಂತಿದ್ರು. ಒಮ್ಮೆ ಒಬ್ಬ ಖಾನಾವಳಿಯಾಂವ ಜಗಳಾ ತಗದ. 'ಏನವಾ, ಇಲಿ ತಿಂದದ್ದ ಮಾರತಿ?' ಅಂದ."

"ಆಕಿ ಏನಂದ್ಳು?"

"'ಆ ಇಲಿ ನಾನ ಅದೇನಿ. ಕಾಯಾಗ ಏನರೆ ಇದ್ರ ನಿನಗಿಂತ ಮೊದಲ ನಾ ಸಾಯ್ತೇನಿ, ಧೈರ್ಯಲೇ ತಗೊಂಡ ಹೋಗು' ಅಂದ್ಳು."

ಗಂಡಸರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಹಗ್ಗ ಎಳೆಯುವ ಸದ್ದಷ್ಟೇ ಉಳಿಯಿತು.

*

ಮೂಡಲಗಿ ಕಡೆಯ ತವರಿನಿಂದ ಶೆಟ್ಟೆವ್ವ ಈ ಮನೆಗೆ ಬಂದಾಗ ಅವಳ ಉಡಿಯಲ್ಲಿ ಕೊಬ್ಬರಿ, ಅಕ್ಕಿಯ ಜೊತೆಗೆ ಒಂದು ಒಣ ಹೀರೆಕಾಯಿ ಇತ್ತು. ಅಲುಗಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಎನ್ನುತ್ತಿತ್ತು. ಗಂಡ ಕಲ್ಲಪ್ಪನದು ಕುರಿ ಕಾಯುವ ಮನೆ. ಕುರಿಗಳು ವರ್ಷವರ್ಷವೂ ಕಡಿಮೆಯಾಗಿ, ಹೊಲದಲ್ಲಿ ಕಬ್ಬು ನಿಂತು, ಕೊನೆಗೆ ಹೆಂಗಸರ ಪಾಲಿಗೆ ಹಿತ್ತಲ ಬೇಲಿಯೊಂದೇ ಉಳಿಯಿತು. ಶೆಟ್ಟೆವ್ವ ಆ ಬೇಲಿಯ ತುಂಬ ಹೀರೆ ಹಬ್ಬಿಸಿದಳು.

ಅವಳದೊಂದು ಪದ್ಧತಿ ಇತ್ತು. ಪ್ರತಿ ಬಳ್ಳಿಯ ಮೊದಲ ಕಾಯಿಯ ತುದಿಯನ್ನು ಉಗುರಿನಿಂದ ಚಿವುಟಿ ಬಾಯಿಗೆ ಹಾಕಿಕೊಳ್ಳುವಳು. ಸಿಹಿಯಾಗಿದ್ದರೆ ಅದೇ ಬಳ್ಳಿಯ ಮತ್ತೊಂದು ಕಾಯಿಯನ್ನು ಬೀಜಕ್ಕೆಂದು ಬಿಡುವಳು. ಅದು ಬಳ್ಳಿಯಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಒಲೆಯ ಮೇಲಿನ ಗಳಕ್ಕೆ ತೂಗುಬೀಳುತ್ತಿತ್ತು. ಹೊಗೆ ತಿಂದ ಬೀಜಕ್ಕೆ ಹುಳು ಬೀಳುವುದಿಲ್ಲ. ಮಳೆ ಹಿಡಿದಾಗ ಬೀಜ ಮಣ್ಣಿಗೆ, ನಾರು ಬಚ್ಚಲಿಗೆ.

ಸುವರ್ಣಾ ಸೊಸೆಯಾಗಿ ಬಂದ ವರ್ಷ ಶೆಟ್ಟೆವ್ವ ಅವಳನ್ನು ಬೇಲಿಗೆ ಕರೆದೊಯ್ದಳು. ಮೊದಲ ಕಾಯಿಯ ತುದಿ ಚಿವುಟಿ, ಅದನ್ನು ಎರಡು ಮಾಡಿ, ಒಂದು ಚೂರು ತಾನು ತಿಂದಳು. ಇನ್ನೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸೊಸೆಯ ತುಟಿಗೆ ತಂದಳು.

"ತಗೋ. ಇಬ್ಬರು ತಿನಬೇಕು."

"ಯಾಕ್ರಿ ಅತ್ತಿ?"

"ಒಬ್ಬರ ನಾಲಿಗಿ ಸುಳ್ಳ ಹೇಳತೈತಿ. ಜ್ವರಾ ಬಂದಿರತೈತಿ, ಇಲ್ಲಾ ಸಿಟ್ಟ ಬಂದಿರತೈತಿ. ಇಬ್ಬರದೂ ಒಮ್ಮೆ ಕೆಡೂದಿಲ್ಲ."

ಹಸಿ ಕಾಯಿ ಸೌತೆಯಂತೆ ತಣ್ಣಗೆ, ಸಪ್ಪೆಯಾಗಿ, ಕಡೆಯಲ್ಲಿ ಸಣ್ಣಗೆ ಸಿಹಿಯಾಗಿತ್ತು. ಆಮೇಲೆ ಪ್ರತಿ ಹಂಗಾಮಿನಲ್ಲೂ ಹಾಗೆಯೇ ನಡೆಯಿತು. ಅತ್ತೆ ಸೊಸೆ ಮಾತು ಬಿಟ್ಟ ದಿನಗಳಿದ್ದವು, ಎಲ್ಲ ಮನೆಗಳಲ್ಲಿ ಇರುವಂತೆ. ಆಗಲೂ ಆ ಎರಡು ಬೆರಳು ತುಟಿಯ ತನಕ ಬರುತ್ತಿದ್ದವು. ಸುವರ್ಣಾ ಬಾಯಿ ತೆರೆಯುತ್ತಿದ್ದಳು, ಮಾತು ತಾನಾಗಿ ಶುರುವಾಗುತ್ತಿತ್ತು.

*

ಶವಕ್ಕೆ ಹಸಿರು ಸೀರೆ ಉಡಿಸಿ, ಹಣೆಗೆ ಭಂಡಾರ ಹಚ್ಚಿ, ಕರಿ ಕಂಬಳಿಯ ಮೇಲೆ ಗೋಡೆಗಾನಿಸಿ ಕೂಡಿಸಿದರು. ಈ ಮನೆತನದಲ್ಲಿ ಒಕ್ಕಲುತನ ಮಾಡಿದ ಹೆಂಗಸು ಬರಿಗೈಯಲ್ಲಿ ಹೋಗುವುದಿಲ್ಲ. ಮುಷ್ಟಿಯಲ್ಲಿ ಒಂದಿಷ್ಟು ಬೀಜ ಇಟ್ಟು, ಬೆರಳು ಮಡಿಸಿ, ಅರಿಷಿಣದ ದಾರ ಸುತ್ತಿ ಕಳಿಸುತ್ತಾರೆ. ಜೋಳದ ಬೀಜ ಇಡುವುದು ರೂಢಿ.

"ಜೋಳ ಯಾಕ?" ಎಂದಳು ಬಾಳವ್ವ. "ನಮ್ಮ ವೈನಿ ಅಂದ್ರ ಹೀರಿಕಾಯಿ. ಆಕಿ ಬೀಜ ಆಕಿ ಕೈಯಾಗ ಇರ್ಲಿ. ಶಿವಾನಂದ, ಗಳದಾಗಿಂದು ಇಳಸು."

ಶೆಟ್ಟೆವ್ವನ ಮಗ ಶಿವಾನಂದ ಮಣೆಯ ಮೇಲೆ ನಿಂತು, ಒಲೆಯ ಮೇಲೆ ತೂಗುತ್ತಿದ್ದ ಒಣ ಕಾಯಿಯನ್ನು ಇಳಿಸಿದ. ಒಂದೇ ಒಂದು ಉಳಿದಿತ್ತು. ಮಸಿ ಹಿಡಿದು ಕರ್ರಗಾಗಿತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಒಂದು ಹೆಜ್ಜೆ ಮುಂದೆ ಬಂದಳು. ಅದು ಹೋದ ವರ್ಷದ ಕಾಯಿ. ಅದರ ಜೊತೆಗಿದ್ದ ಇನ್ನೊಂದರ ಬೀಜವನ್ನೇ ಈ ಮುಂಗಾರಿಗೆ ಹಾಕಿದ್ದರು. ಹಿತ್ತಲಲ್ಲಿ ಈಗ ನೇತಾಡುತ್ತಿದ್ದ ಕಾಯಿಗಳನ್ನು ಕುರಿ ಕೂಡ ಮೂಸಿ ಬಿಡುತ್ತಿತ್ತು.

"ಸಣ್ಣತ್ತಿ, ಅದು..." ಎಂದಳು.

"ಏನು?"

"ಅದು ಕಹಿ ಬೀಜ ಐತ್ರಿ. ಹಳೇದಲ್ಲ."

ಬಾಳವ್ವ ಕಾಯಿಯ ಮುಚ್ಚಳ ಮುರಿದು ಅಂಗೈಗೆ ಬೀಜ ಸುರಿದುಕೊಂಡು, ಖಾಲಿ ಕಾಯಿಯನ್ನು ಶಿವಾನಂದನ ಕೈಗೆ ಮರಳಿಸಿದಳು. ಚಪ್ಪಟೆಯ ಕರಿ ಬೀಜಗಳು. ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕದವರಿಗೂ ತೋರಿಸಿದಳು.

"ನೋಡ್ರಿ ಯವ್ವಾ. ಮೊದಲಿನ ಹಂಗ ಅದಾವ, ಹೌದಲ್ಲ? ಕರ್ರಗ, ಚಪ್ಪಟಿ. ಯಾವ ಬೀಜದ ಮ್ಯಾಲೆ ಕಹಿ ಅಂತ ಬರದೈತಿ?" ಆಮೇಲೆ ಸುವರ್ಣಾಳತ್ತ ತಿರುಗಿದಳು. ದನಿ ಏರಲಿಲ್ಲ. "ಕಹಿ ಆಗಿದ್ರ ಯಾರ ಕೈಲೆ ಆತು? ಇವತ್ತರೆ ಅದನ್ನ ಎತ್ತಬ್ಯಾಡ ತಂಗಿ. ಆಕಿನ್ನ ಸಮಾಧಾನಲೇ ಹೋಗಾಕ ಬಿಡು."

ಸುವರ್ಣಾ ಗಂಡನ ಮುಖ ನೋಡಿದಳು. ಶಿವಾನಂದ ಕೈಯಲ್ಲಿದ್ದ ಖಾಲಿ ಕಾಯಿಯನ್ನೇ ನೋಡುತ್ತ, ಬಿಡು ಎಂಬಂತೆ ತಲೆಯಾಡಿಸಿದ. ಅವನ ಕಣ್ಣು ಅತ್ತು ಅತ್ತು ಊದಿದ್ದವು. ಅವಳು ಬಿಟ್ಟಳು.

ಬಾಳವ್ವ ಒಂದೊಂದೇ ಬೀಜವನ್ನು ಅತ್ತಿಗೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಸೆಟೆದ ಬೆರಳುಗಳು ಬೇಗ ಮಡಿಯಲಿಲ್ಲ. "ಹಿಡ್ಕೋ ವೈನಿ," ಎಂದು ಬೇಡಿಕೊಂಡಳು, "ಹಿಡ್ಕೋ ನಮ್ಮವ್ವ, ನಿಂದ ಐತಿ."

*

ಹೊಳೆ ಬಂದ ವರ್ಷದಿಂದ ಇದೆಲ್ಲ ಶುರುವಾಯಿತು. ಘಟಪ್ರಭೆ ಊರೊಳಗೆ ನುಗ್ಗಿ, ಗೋಡೆಗಳನ್ನು ಕೆಡವಿ, ಮರಳಿ ಹೋಗುವಾಗ ಹಿತ್ತಲುಗಳಲ್ಲಿ ಮೊಣಕಾಲುದ್ದ ರಾಡಿ ಬಿಟ್ಟುಹೋಗಿತ್ತು. ಹೊಳೆಯ ದಂಡೆಗಿದ್ದ ಸೀತವ್ವನ ಮನೆ ಪೂರ್ತಿ ಕುಸಿಯಿತು.

ಸೀತವ್ವ ಕಳೆ ತೆಗೆಯಲು ಬರುತ್ತಿದ್ದ ಹೆಂಗಸು. ಕೆಳಗಿನ ಓಣಿಯವಳು. ಶೆಟ್ಟೆವ್ವನೂ ಅವಳೂ ಒಂದೇ ಸಾಲಿನಲ್ಲಿ ಕುಳಿತು ಎಷ್ಟೋ ಹೊಲ ಹಸನು ಮಾಡಿದ್ದರು. ಆದರೂ ಸೀತವ್ವನ ಚಹಾದ ಬಟ್ಟಲು ಬೇಲಿಯ ಗೂಟಕ್ಕೆ ಬೋರಲಾಗಿ ಇರುತ್ತಿತ್ತು. ಒಳಗಿನ ಬಟ್ಟಲುಗಳ ಜೊತೆ ಅದು ಎಂದೂ ಸೇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಅವಳು ಬಸುರಿಯಾಗಿ ಏನು ತಿಂದರೂ ವಾಂತಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ ಶೆಟ್ಟೆವ್ವ ಎಳೆ ಹೀರೆಕಾಯಿಗಳನ್ನೂ, ಜೊತೆಗೆ ಒಂದು ಒಣ ಕಾಯಿಯನ್ನೂ ಬೇಲಿಯ ಮೇಲಿಂದ ಅವಳ ಉಡಿಗೆ ಹಾಕಿದ್ದಳು. ಹೊಳೆ ಬಂದ ಮೇಲೆ ಸೀತವ್ವ ಬೆಲ್ಲದ ಬಾಗೇವಾಡಿಗೆ ಮಗಳು ಪೂನಮ್ ಬಳಿ ಹೋಗಿಬಿಟ್ಟಳು. ಗೂಟದ ಮೇಲಿನ ಬಟ್ಟಲನ್ನು ನೀರು ಒಯ್ದಿತ್ತು.

ಮರುವರ್ಷ ಆ ರಾಡಿಯಲ್ಲಿ ಏನೇನೋ ಹುಟ್ಟಿದವು. ಬೇಲಿಯ ಹೊರಮಗ್ಗುಲಿಗೆ ಒಂದು ಕಾಡುಹೀರೆ ಎದ್ದಿತು. ಗೇಣಿಗಿಂತ ಚಿಕ್ಕ ಕಾಯಿ, ಬಾಯಿಗಿಟ್ಟರೆ ವಿಷದಂಥ ಕಹಿ. ಹೂವು ಮಾತ್ರ ಮನೆಯ ಹೀರೆಯಂತೆಯೇ ಹಳದಿ, ಅದೇ ಸಂಜೆಯ ಹೊತ್ತಿಗೇ ಅರಳುವುದು. 'ಇರ್ಲಿ ಬಿಡು, ಬೇಲಿ ಗಟ್ಟಿ ಆಗತೈತಿ' ಎಂದು ಶೆಟ್ಟೆವ್ವ ಅದನ್ನು ಕೀಳಲಿಲ್ಲ. ತನ್ನ ಬಳ್ಳಿಗಳ ಕಾಯಿಯನ್ನು ಎಂದಿನಂತೆ ಚಿವುಟಿ ತಿಂದಳು, ಸೊಸೆಗೂ ತಿನ್ನಿಸಿದಳು. ಸಿಹಿಯಾಗಿದ್ದವು. ಬೀಜಕ್ಕೆ ಬಿಟ್ಟಳು.

ಅದರ ಮರುವರ್ಷ ಕಾಯಿ ಬಿಡುವ ಹೊತ್ತಿಗೆ ಶೆಟ್ಟೆವ್ವ ಜ್ವರದಲ್ಲಿ ಮಲಗಿದ್ದಳು. ಸಂತೆಯ ದಿನ ಸುವರ್ಣಾಳೇ ಬುಟ್ಟಿ ತುಂಬಿಸಿದಳು. ಅವಳು ಹೊರಗಾಗಿದ್ದ ದಿನ ಅದು. ಆದರೆ ಕೀಳುವವರು ಬೇರೆ ಯಾರೂ ಇರಲಿಲ್ಲ. ನಮ್ಮ ಬೀಜ, ನಮ್ಮ ಬಳ್ಳಿ, ನೋಡುವುದೇನಿದೆ ಎಂದು ತುದಿ ಚಿವುಟಲಿಲ್ಲ. ಶಿವಾನಂದ ಬುಟ್ಟಿ ಒಯ್ದು ಮಾರಿ ಬಂದ. ಮರುದಿನ ಬೆಳಿಗ್ಗೆ ಜನ ಬಾಗಿಲಿಗೆ ಬಂದರು. ಒಬ್ಬ ಮುದುಕಿಗೆ ವಾಂತಿ ನಿಲ್ಲದೆ ಆಸ್ಪತ್ರೆಗೆ ಹಾಕಿದ್ದರು. ಅವಳು ಬದುಕಿದಳು. ಆದರೆ ಶೆಟ್ಟೆವ್ವ ಮತ್ತೆಂದೂ ಸಂತೆಯಲ್ಲಿ ಕೂಡಲಿಲ್ಲ.

ಜ್ವರದವಳನ್ನು ನೋಡಲು ಬಂದಿದ್ದ ಬಾಳವ್ವ ಅವತ್ತೇ ಕೇಳಿದ್ದಳು: "ಕಿತ್ತಾಕಿ ಯಾರು? ಯಾವಾಗ ಕಿತ್ತಿ?" ಸುವರ್ಣಾ ಸುಳ್ಳು ಹೇಳಲಿಲ್ಲ. ಬಾಳವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. ಶೆಟ್ಟೆವ್ವ ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡೇ ಒಂದು ಮಾತು ಅಂದಳು.

"ಇನ್ನ ಮುಂದ ನೀ ಬಳ್ಳಿ ತನಕ ಹೋಗಬ್ಯಾಡ."

ಅಷ್ಟೇ. ಸುವರ್ಣಾ ಮಾಡಿದ ಅಡಿಗೆಯನ್ನು ಉಂಡಳು, ಅವಳು ಕಾಸಿದ ನೀರಿನಲ್ಲಿ ಮಿಂದಳು. ಮಂದಿಯೆದುರು ಸೊಸೆಯನ್ನು ಹಳಿಯಲಿಲ್ಲ. ಆದರೆ ಮುಂದಿನ ಹಂಗಾಮಿನಲ್ಲಿ ಒಬ್ಬಳೇ ಬೇಲಿಗೆ ಹೋಗಿ ಚಿವುಟಿದಳು. ಎರಡು ಚೂರನ್ನೂ ತಾನೇ ತಿಂದಳು. ಸುವರ್ಣಾ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಒಂದು ಬಳ್ಳಿ ಸಿಹಿ, ಅದರ ಪಕ್ಕದ್ದು ಕಹಿ. ಶೆಟ್ಟೆವ್ವ ಸಿಹಿಯದನ್ನೇ ಆರಿಸಿ ಬೀಜ ಮಾಡಿದಳು. ವರ್ಷ ಕಳೆದಂತೆ ಕಹಿಯೇ ಹೆಚ್ಚಿತು. ಕಾಯಿಯ ಏಣುಗಳು ಗಿಡ್ಡವಾದವು, ಆಕಾರ ಕೆಟ್ಟಿತು. ಈ ಸಲ ಅವಳು ಚಿವುಟಿದ ಯಾವ ತುದಿಯನ್ನೂ ನುಂಗಲಾಗಲಿಲ್ಲ. ಬೇಲಿಯ ಗೂಟ ಹಿಡಿದುಕೊಂಡು ಉಗುಳುತ್ತ ನಿಂತವಳ ಬೆನ್ನು ಕಿಟಕಿಗೆ ಕಾಣುತ್ತಿತ್ತು. ನೀರು ಒಯ್ದು ಕೊಡೋಣವೆಂದರೆ ಸುವರ್ಣಾ ಅಲ್ಲಿಗೆ ಹೋಗುವಂತಿರಲಿಲ್ಲ.

*

ಕಾಲುವೆಯ ಪಕ್ಕ, ಕಲ್ಲಪ್ಪನ ಗದ್ದುಗೆಯ ಬಾಜೂ ಕುಣಿ ತೋಡಿದ್ದರು. ಕಬ್ಬಿನ ನಡುವಿನ ದಾರಿ ಕಿರಿದಾಗಿದ್ದು, ಹೊತ್ತವರ ತೋಳಿಗೆ ಗರಿ ಗೀಚುತ್ತಿದ್ದವು. ಮಾಲಿಂಗ ಮುಂದೆ ಹೋಗುತ್ತ ಶವದ ಮುಖಕ್ಕೆ ಗರಿ ತಾಗದಂತೆ ಕೈಯಿಂದ ಸರಿಸುತ್ತಿದ್ದ.

ಕುಣಿಗೆ ಇಳಿಸುವಾಗ ಶೆಟ್ಟೆವ್ವನ ಮುಷ್ಟಿಯ ದಾರ ಸಡಿಲಿ, ಒಂದೆರಡು ಬೀಜ ಹೊರಗಿನ ಹಸಿ ಮಣ್ಣಿಗೆ ಬಿದ್ದವು. ಬಾಳವ್ವ ಬಗ್ಗಿ ಹುಡುಕಿದಳು, ಕರಿ ಮಣ್ಣಲ್ಲಿ ಕರಿ ಬೀಜ ಸಿಗಲಿಲ್ಲ.

"ಇರ್ಲಿ ಬಿಡ ಅತ್ತಿ," ಎಂದ ಶಿವಾನಂದ. "ಹುಟ್ಟಿದ್ರ ಇಲ್ಲೇ ಹುಟ್ಲಿ."

ಹೆಂಗಸರೆಲ್ಲರೊಂದಿಗೆ ಸುವರ್ಣಾ ಮೂರು ಹಿಡಿ ಮಣ್ಣು ಹಾಕಿದಳು. ಅತ್ತೆಯ ಬಲಗೈ ಮಾತ್ರ ಕಣ್ಣೆದುರು ನಿಂತಿತ್ತು. ಮಾತು ಹೋದ ಕೊನೆಯ ದಿನಗಳಲ್ಲಿ ಆ ಕೈ ಏನನ್ನೋ ಕೇಳುತ್ತಿತ್ತು. ಅದನ್ನು ಕೊಡಲು ತನ್ನಿಂದ ಆಗಲಿಲ್ಲ. ಈಗ ಅದು ಕಹಿ ಬೀಜ ಹಿಡಿದುಕೊಂಡು ಮಣ್ಣಿನ ಕೆಳಗೆ ಹೋಯಿತು.

*

ಪೂನಮ್ ಹುಕ್ಕೇರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಈ ಮಳೆಗಾಲದಲ್ಲಿ ಹೊಳೆದಂಡೆಯ ಕಾಡುಬಳ್ಳಿಗಳನ್ನು ನೋಡಲು ಬಂದವಳು, ಹಳೆಯ ಗುರುತಿನ ಮೇಲೆ ಬೇಲಿಯ ಹತ್ತಿರ ನಿಂತು, "ಆಯೀ, ಆರಾಮ ಅದೀರಿ?" ಎಂದು ಕೂಗಿದ್ದಳು. ಶೆಟ್ಟೆವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಸೀತವ್ವನ ಮಗಳಲ್ಲ? ಒಳಗ ಬಾ," ಅಂದಳು. ಸುವರ್ಣಾ ಒಳಗಿನ ಬಟ್ಟಲಲ್ಲೇ ಚಹಾ ತಂದುಕೊಟ್ಟಳು. ಶೆಟ್ಟೆವ್ವ ಅದನ್ನು ನೋಡಿ, ತನ್ನ ಬಟ್ಟಲನ್ನೂ ತುಟಿಗೆ ಹಚ್ಚಿದಳು.

ಪೂನಮ್‌ಳ ಚೀಲದಲ್ಲಿ ಒಂದು ವಿಚಿತ್ರ ಕಾಯಿ ಇತ್ತು. ಏಣುಗಳು ಅರ್ಧ ಅಳಿಸಿ, ನುಣ್ಣನೆಯ ತುಪ್ಪದ ಹೀರೆಗೆ ಹತ್ತಿರವಾಗಿತ್ತು.

"ಇದೇನು? ಹೀರಿಯೋ ತುಪ್ಪರಿಯೋ?" ಎಂದು ಕೇಳಿದಳು ಶೆಟ್ಟೆವ್ವ.

"ಎರಡೂ ಅಲ್ಲ ಆಯಿ, ನಡುವಿಂದು. ಹೊಳಿದಂಡಿಗೆ ಎರಡೂ ಕೂಡಿ ಬೆಳದಾವಲ್ಲ, ಹೂವಿನ ಪುಡಿ ಅದಲಬದಲ ಆಗತೈತಿ. ಯಾರೂ ಮಾಡಿದ್ದಲ್ಲ, ತಾವ ಕೂಡ್ತಾವ."

ಶೆಟ್ಟೆವ್ವ ಆ ಕಾಯಿಯನ್ನು ಸವರುತ್ತ ಕುಳಿತಳು. ಆಮೇಲೆ ಬಳ್ಳಿಯ ಕತೆಯನ್ನೆಲ್ಲ ಹೇಳಿದಳು: ಸಿಹಿ ನೋಡಿ ಬೀಜ ಬಿಟ್ಟದ್ದು, ಕಹಿ ಬಂದದ್ದು. ಪೂನಮ್ ಎದ್ದು ಬೇಲಿಯಾಚೆಯ ಕಾಡುಹೀರೆಯನ್ನು ನೋಡಿ ಬಂದಳು.

"ಅದು ಬಂದಿದ್ದಕ್ಕ ಆಗೇತಿ ಆಯಿ. ಸಂಜಿಕ ಹೂ ಅರಳಿದಾಗ ಪತಂಗ ಅಲ್ಲಿ ಕುಂತು ಇಲ್ಲಿಗೆ ಬರ್ತಾವ. ಅವಕ್ಕ ಬೇಲಿ ಗೊತ್ತಿಲ್ಲ."

"ನಾ ತಿಂದ ನೋಡೇನಲ್ಲವಾ. ಸಿಹಿ ಇತ್ತು."

"ಕಾಯಿ ರುಚಿ ತಾಯಿಬಳ್ಳಿದು. ಬೀಜದಾಗ ತಂದಿನೂ ಇರ್ತಾನ. ಅವನ್ನ ನಾಲಿಗಿಲೆ ಹಿಡ್ಯಾಕ ಆಗೂದಿಲ್ಲ."

ಶೆಟ್ಟೆವ್ವನ ಕೈ ನಿಂತಿತು. "ಅಂದ್ರ... ಹೆಣ್ಣಮಕ್ಕಳು ಮುಟ್ಟಬಾರದ ದಿನಾ ಮುಟ್ಟಿದ್ರ?"

"ಮುಟ್ಟಿದ್ರ ಏನೂ ಆಗೂದಿಲ್ಲ ಆಯಿ," ಎಂದು ಪೂನಮ್ ಸಹಜವಾಗಿ ನಕ್ಕಳು. ಅವಳಿಗೆ ಸುವರ್ಣಾಳ ಕತೆ ಗೊತ್ತಿರಲಿಲ್ಲ. "ನಿಮ್ಮ ಹಳೇ ಬೀಜ ನಮ್ಮವ್ವ ಇನ್ನೂ ಹಾಕತಾಳ. ಬಾಗೇವಾಡ್ಯಾಗ ನಮ್ಮನಿ ಸುತ್ತ ಕಾಡುಹೀರಿ ಇಲ್ಲ. ಅವ್ವನ ಕೈಲೆ ಕಾಯಿ ಕಳಸ್ತೇನಿ, ತಿಂದ ನೋಡ್ರಿ."

ಬಾಗಿಲಲ್ಲಿ ಖಾಲಿ ಬಟ್ಟಲು ಹಿಡಿದು ನಿಂತಿದ್ದ ಸುವರ್ಣಾ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತೆ ಈಗ ತಿರುಗುತ್ತಾಳೆ, ಏನಾದರೂ ಅನ್ನುತ್ತಾಳೆ ಎಂದು ಕಾದಳು. ಶೆಟ್ಟೆವ್ವ ತಿರುಗಲಿಲ್ಲ. ಪೂನಮ್ ಹೋದ ಮೇಲೆ ಕುಡುಗೋಲು ತೆಗೆದುಕೊಂಡು ಬೇಲಿಯ ಆಚೆ ಹೋದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸುವರ್ಣಾಳಿಗೆ ಬಳ್ಳಿ ಕಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ಸ್ವಲ್ಪ ಹೊತ್ತಾದರೂ ಮತ್ತೆ ಕೇಳಲಿಲ್ಲ. ಹೋಗಿ ನೋಡಿದರೆ ಶೆಟ್ಟೆವ್ವ ಕಾಡುಹೀರೆಯ ರಾಶಿಯ ಮೇಲೆ ಬಿದ್ದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಲಕ್ವ ಎಂದರು ಡಾಕ್ಟರು. ಎಡಗೈ ಎಡಗಾಲು ಹೋದವು, ಮಾತು ಹೋಯಿತು. ಬಲಗೈ ಉಳಿಯಿತು. ಮನೆಗೆ ಕರೆತಂದ ಮೇಲೆ ಸುವರ್ಣಾ ಬಾಯಿ ಒರೆಸಲು ಬಗ್ಗಿದಾಗಲೆಲ್ಲ ಆ ಬಲಗೈ ಏಳುತ್ತಿತ್ತು. ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ಚಿವುಟಿ, ಮೇಲಕ್ಕೆ ತರುತ್ತಿದ್ದಳು. ಗಂಟಲಲ್ಲಿ ಗೊರಗೊರ ಸದ್ದಾಗುತ್ತಿತ್ತು.

"ಹೀರಿಕಾಯಿ ಬೇಕೇನ್ರಿ ಅತ್ತಿ?"

ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಸುವರ್ಣಾ ಸಂತೆಯ ಕಾಯಿ ತರಿಸಿ ಬೇಯಿಸಿ ಹಿಚುಕಿ ಬಾಯಿಗಿಟ್ಟಳು. ಶೆಟ್ಟೆವ್ವ ಮುಖ ತಿರುವಿದಳು. ಮತ್ತೆ ಅದೇ ಕೈ, ಅದೇ ಎರಡು ಬೆರಳು. ತನ್ನ ಬಳ್ಳಿಯ ಕಾಯಿಯೇ ಬೇಕೇನೋ ಎಂದುಕೊಂಡು ಸುವರ್ಣಾ ಗಂಡನ ಮೊಬೈಲಿನಿಂದ ಪೂನಮ್‌ಳಿಗೆ ಫೋನು ಮಾಡಿದಳು. "ಅವ್ವಗ ಮೊಣಕಾಲ ಬ್ಯಾನಿ ಅಕ್ಕಾರ, ಅದಕ್ಕ ಬರಾಕ ಆಗಿಲ್ಲ. ಹೆಂಗರೆ ಮಾಡಿ ಕಳಸ್ತೇನಿ," ಅಂದಳು ಪೂನಮ್. ಅದು ನಿನ್ನೆಯ ಮಾತು.

*

ಮಣ್ಣು ಮುಗಿಸಿ, ಕಾಲುವೆಯಲ್ಲಿ ಮಿಂದು, ಎಲ್ಲರೂ ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಾಲಿಂಗನ ಹೆಂಡತಿ ದೊಡ್ಡ ಬೋಗುಣಿಯಲ್ಲಿ ಅನ್ನ ಸಾರು ತಂದು, ಯಾರನ್ನೂ ಕೇಳದೆ ಬಡಿಸುತ್ತಿದ್ದಳು. ಸುವರ್ಣಾ ಎಲ್ಲರಿಗೂ ನೀರು ಕೊಟ್ಟು, ತಾನು ಕೂಡಲಾರದೆ ಹಿತ್ತಲಿಗೆ ಬಂದಳು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೆಲದ ಮೇಲೆ ಸೀತವ್ವ ಕುಳಿತಿದ್ದಳು. ಎರಡು ಬಸ್ಸು ಬದಲಿಸಿ ಬಂದವಳ ಮುಖದಲ್ಲಿ ಧೂಳಿತ್ತು. ಉಡಿಯಲ್ಲಿ ಸ್ಟೀಲಿನ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಯಾವಾಗ ಬಂದ್ರಿ ಸೀತವ್ವಾರ? ಒಳಗ ಬರಬೇಕಿಲ್ರಿ?"

"ಮುಂದ ಮಂದಿ ಅದಾರ ತಂಗಿ. ಇಲ್ಲೇ ಚಲೋ ಐತಿ." ಸೀತವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಸ್‌ಸ್ಟ್ಯಾಂಡದಾಗ ಇಳದಾಗ ಗೊತ್ತಾತು. ಮುಂಜಾನೆ ಕೊಯ್ದು, ಪಲ್ಯಾ ಮಾಡಿ, ಬಿಸಿಬಿಸಿ ಕಟಗೊಂಡ ಬಂದಿದ್ದೆ. ಶೆಟ್ಟೆವ್ವಕ್ಕಗ ಎರಡ ತುತ್ತರೆ... ನನ್ನ ಕಾಲ ಸುಡಲಿ. ನಿನ್ನೆನ ಹೊರಡಬೇಕಿತ್ತು."

ಸುವರ್ಣಾ ಅವಳ ಎದುರು ಕುಳಿತಳು. ಒಳಗಿನಿಂದ ಬಾಳವ್ವ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಬೀಜಾ ಕೈಯಾಗ ಕೊಟ್ಟು ಕಳಿಸಿದ್ವಿ ನೋಡ್ರಿ. ಇದ್ದದ್ದು ಅದೊಂದ. ವೈನಿ ಬಳ್ಳಿ ವೈನಿ ಜೋಡಿನ ಹೋತು."

ಸೀತವ್ವನಿಗೂ ಅದು ಕೇಳಿಸಿರಬೇಕು. ಅವಳು ಪಕ್ಕದಲ್ಲಿದ್ದ ಚೀಲಕ್ಕೆ ಕೈಹಾಕಿ ಒಂದು ಹಸಿ ಹೀರೆಕಾಯಿ ತೆಗೆದಳು. ಉದ್ದಕ್ಕೆ, ಚೂಪು ಏಣುಗಳ, ಕಡುಹಸಿರು ಕಾಯಿ. ಈ ಹಿತ್ತಲಲ್ಲಿ ಅಂಥದನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಉಗುರಿನಿಂದ ಅದರ ತುದಿಯನ್ನು ಚಿವುಟಿ, ಎರಡು ಮಾಡಿ, ಒಂದು ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸುವರ್ಣಾಳ ತುಟಿಯ ಹತ್ತಿರ ತಂದಳು. ತಂದವಳು ಅಲ್ಲೇ ನಿಲ್ಲಿಸಿದಳು. ಏನೋ ನೆನಪಾದಂತೆ ಕೈ ಹಿಂದೆ ಸರಿಯಿತು.

"ತಪ್ಪ ತಿಳಕೋಬ್ಯಾಡ ತಂಗಿ. ಶೆಟ್ಟೆವ್ವಕ್ಕ ಬೇಲಿ ಕಡೆ ನಿಂತು ಹಿಂಗ ಕೊಡ್ತಿದ್ಳು ನನಗ. ಇಬ್ಬರು ತಿನಬೇಕು ಅಂತ..."

ಸುವರ್ಣಾ ಆ ಎರಡು ಬೆರಳುಗಳನ್ನೇ ನೋಡುತ್ತಿದ್ದಳು. ಹಾಸಿಗೆಯಿಂದ ಏಳುತ್ತಿದ್ದ ಕೈಯೂ ಹೀಗೆಯೇ ಬರುತ್ತಿತ್ತು. ಅದು ಒಮ್ಮೆಯೂ ಅತ್ತೆಯ ಸ್ವಂತ ಬಾಯಿಯ ಕಡೆ ಹೋಗಿರಲಿಲ್ಲ. ಬಗ್ಗಿದ ಸುವರ್ಣಾಳ ತುಟಿಯ ತನಕ ಬಂದು, ತಾಗಲಾರದೆ ಚಾದರದ ಮೇಲೆ ಬೀಳುತ್ತಿತ್ತು. ಅವಳು ಪ್ರತಿ ಸಲವೂ ಆ ಕೈಯನ್ನು ಮೆಲ್ಲಗೆ ಎತ್ತಿ ಹೊದಿಕೆಯ ಒಳಗೆ ಇಟ್ಟಿದ್ದಳು.

ಅವಳು ಸೀತವ್ವನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡು ಬಾಯಿ ತೆರೆದಳು.

ತಣ್ಣಗೆ, ಸಪ್ಪೆಯಾಗಿ, ಕಡೆಯಲ್ಲಿ ಸಣ್ಣಗೆ ಸಿಹಿ.

ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡು, ಹೆಗಲು ಅಲುಗಾಡುತ್ತ, ಸದ್ದಿಲ್ಲದೆ ಅತ್ತಳು. ಬೇಲಿಯ ಮೇಲೆ ಸಂಜೆಯ ಹಳದಿ ಹೂಗಳು ಬಿರಿಯತೊಡಗಿದ್ದವು. ಕಡಿದ ಕಾಡುಹೀರೆಯ ಬುಡದಿಂದ ಆಗಲೇ ಹೊಸ ಕುಡಿ ಹೊರಟು ಗೂಟವನ್ನು ಸುತ್ತಿತ್ತು.

ಸೀತವ್ವ ಅಳು ತಗ್ಗುವ ತನಕ ಕಾದು, ಡಬ್ಬಿಯ ಮುಚ್ಚಳ ತೆಗೆದಳು. ಜೋಳದ ರೊಟ್ಟಿಯ ಮಡಿಕೆ ಬಿಡಿಸಿ, ಅದರ ಮೇಲೆ ಪಲ್ಯವನ್ನೆಲ್ಲ ಸುರಿದು, ಹನಿ ಬೀಳದಂತೆ ಕೆಳಗೆ ಅಂಗೈ ಹಿಡಿದು ಸುವರ್ಣಾಳ ಕೈಗೆ ಕೊಟ್ಟಳು.